ಗ್ಯಾಲ್ವೆಸ್ಟನ್: ಜಾಕಿ ಕೊಟ್ಟು ಎತ್ತಿದ ಊರು

ಬೇಲಿ
ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿನ ಬ್ರಾಡ್‌ವೇ ರಸ್ತೆಯ ಆ್ಯಶ್ಟನ್ ವಿಲ್ಲಾ 1859ರ ಬಂಗಲೆ. ಇಟ್ಟಿಗೆ ಗೋಡೆ, ಉದ್ದುದ್ದ ಕಿಟಕಿ, ಎರಕದ ಕಬ್ಬಿಣದ ಕುಸುರಿ, ಎಲ್ಲದರಲ್ಲೂ ಸಾಹುಕಾರಿಕೆ ಎದ್ದು ಕಾಣುತ್ತದೆ. ಸುತ್ತಲ ಕಬ್ಬಿಣದ ಬೇಲಿ ಮಾತ್ರ ಯಾಕೋ ಗಿಡ್ಡ. ಮನೆಗೆ ಇಷ್ಟು ಸುರಿದವರು ಬೇಲಿಗೆ ಜಿಪುಣತನ ತೋರಿದರೇ? ಇಲ್ಲ. ಬೇಲಿಯ ಕೆಳಭಾಗ ನೆಲದೊಳಗಿದೆ. ಮನೆಯ ನೆಲಮಾಳಿಗೆಗೂ ಮರಳು ತುಂಬಿದ್ದಾರೆ. ಮನೆ ಕುಸಿದದ್ದಲ್ಲ, ಊರಿನ ನೆಲವೇ ಮೇಲೆ ಬಂದಿದೆ.

ಕಾರಣ
ಹ್ಯೂಸ್ಟನ್ನಿನ ಕನ್ನಡದವರು, ಊರಿಂದ ಅಪ್ಪ ಅಮ್ಮ ಬಂದರೆ, ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನ ಮುಗಿಸಿಕೊಂಡು ಸಮುದ್ರ ತೋರಿಸಲು ಕರೆತರುವ ದ್ವೀಪ ಇದು. ಐಸ್‌ಕ್ರೀಮ್, ಸೀಗಡಿ, ಸಮುದ್ರದೊಳಕ್ಕೆ ಚಾಚಿದ ಜಾತ್ರೆಯಂಥ ಪ್ಲೆಷರ್ ಪಿಯರ್. ಇಲ್ಲಿ 1900ರ ಸೆಪ್ಟೆಂಬರ್ 8ರಂದು ಚಂಡಮಾರುತಕ್ಕೆ ಸತ್ತವರ ಸಂಖ್ಯೆ ಅಂದಾಜು 6,000ದಿಂದ 12,000 ಎಂದರೆ ನಂಬುವುದು ಕಷ್ಟ. ಆಗ ದ್ವೀಪದ ಅತಿ ಎತ್ತರದ ಜಾಗವೇ 9 ಅಡಿ ಮುಟ್ಟುತ್ತಿರಲಿಲ್ಲ; ಚಂಡಮಾರುತ ತಂದ ನೀರು 15 ಅಡಿ ದಾಟಿತು. ಅಮೆರಿಕದ ಚರಿತ್ರೆಯಲ್ಲಿ ಅಷ್ಟು ಜನರನ್ನು ಕೊಂದ ಪ್ರಕೃತಿ ವಿಕೋಪ ಇನ್ನೊಂದಿಲ್ಲ.

ಗೋಡೆ
ಮತ್ತೆ ಹಾಗಾಗದಿರಲೆಂದು ಸಮುದ್ರಕ್ಕೆ ಅಡ್ಡ ಕಟ್ಟಿದ ಪ್ರಸಿದ್ಧ ಗೋಡೆ ಎಲ್ಲಿ ಎಂದು ಹುಡುಕುತ್ತಾ ಹೋದರೆ ಸಿಗುವುದಿಲ್ಲ. ನಾವು ಅದರ ತಲೆಯ ಮೇಲೇ ನಡೆಯುತ್ತಿರುತ್ತೇವೆ. ಮೆಟ್ಟಿಲಿಳಿದು ಮರಳಿಗೆ ಹೋಗಿ ತಿರುಗಿ ನೋಡಬೇಕು: 17 ಅಡಿಯ ಕಾಂಕ್ರೀಟು, ಅಲೆಯನ್ನು ಬಂದ ಕಡೆಗೇ ಎಸೆಯುವಂತೆ ಒಳಕ್ಕೆ ಬಾಗಿಸಿದ ಮುಖ. 1902ರಲ್ಲಿ ಕೆಲಸ ಶುರುವಾಗಿ 1904ಕ್ಕೆ ಮೊದಲ ಭಾಗ ಮುಗಿಯಿತು. ಈಗ ಉದ್ದ ಸುಮಾರು 16 ಕಿ.ಮೀ. ಯೋಜನೆ ಮಾಡಿದ ಮೂವರು ಎಂಜಿನಿಯರುಗಳಲ್ಲಿ ಒಬ್ಬರು ಹೆನ್ರಿ ಮಾರ್ಟಿನ್ ರಾಬರ್ಟ್. ಸಭೆಯಲ್ಲಿ ಯಾರು ಯಾವಾಗ ಮಾತಾಡಬೇಕು ಎಂದು ನಿಯಮಾವಳಿ ಬರೆದ ರಾಬರ್ಟ್ ಇವರೇ. ಸಭೆಯ ಗದ್ದಲಕ್ಕೂ ಸಮುದ್ರಕ್ಕೂ ಒಬ್ಬರೇ ಅಂಕೆ ಹಾಕಲು ಹೊರಟಿದ್ದರು!

ಜಾಕಿ
ಗೋಡೆಯೊಂದೇ ಸಾಲದೆಂದು ಊರನ್ನೇ ಎತ್ತಿದರು. ನಮ್ಮ ಬೆಂಗಳೂರಲ್ಲಿ ಮಳೆನೀರು ನುಗ್ಗುವ ಬಡಾವಣೆಗಳಲ್ಲಿ ಈಗ ಒಂದೊಂದು ಮನೆಗೆ ಜಾಕಿ ಕೊಟ್ಟು ಎತ್ತುತ್ತಾರಲ್ಲ, ಅದನ್ನೇ ಇವರು ನೂರು ವರ್ಷದ ಹಿಂದೆ 2,000ಕ್ಕೂ ಹೆಚ್ಚು ಕಟ್ಟಡಗಳಿಗೆ ಮಾಡಿದರು. ಸೇಂಟ್ ಪ್ಯಾಟ್ರಿಕ್ ಚರ್ಚಿನ ತೂಕ ಸುಮಾರು 3,000 ಟನ್; 700 ಜಾಕಿಗಳನ್ನು ಒಟ್ಟಿಗೆ ತಿರುಗಿಸುತ್ತಾ ಅದನ್ನು 5 ಅಡಿ ಏರಿಸಿದರು. ಒಳಗೆ ಪೂಜೆ ನಿಲ್ಲಲಿಲ್ಲ. ಕಾಲುವೆ ತೋಡಿ, ಹಡಗಿನಲ್ಲಿ ಮರಳು ಬೆರೆತ ನೀರು ತಂದು, ಕೊಳವೆಯಲ್ಲಿ ಕಟ್ಟಡಗಳ ಅಡಿಗೆ ಹರಿಸಿದರು. ನೀರು ಇಳಿದುಹೋಯಿತು, ಮರಳು ನಿಂತಿತು. 1903ರಿಂದ 1911ರವರೆಗೆ ಜನ ಮರದ ಅಟ್ಟಣೆಗಳ ಮೇಲೆ ಓಡಾಡಿದರು. ಮರಳು ತುಂಬುವ ಖರ್ಚು ಸರ್ಕಾರದ್ದು, ಮನೆ ಎತ್ತಿಸುವ ಖರ್ಚು ಮನೆಯವರದ್ದು. ದುಡ್ಡಿಲ್ಲದವರು ಕೆಳಗಿನ ಅಂತಸ್ತನ್ನು ಮರಳಿಗೆ ಬಿಟ್ಟುಕೊಟ್ಟರು.

ಹಳೇ ಕಟ್ಟಡಗಳು
ಚಂಡಮಾರುತಕ್ಕೆ ಕೊಚ್ಚಿಹೋದ ಊರಲ್ಲಿ ಹತ್ತೊಂಬತ್ತನೇ ಶತಮಾನದ ಇಷ್ಟೊಂದು ಕಟ್ಟಡ ಹೇಗೆ ಉಳಿದವು? ಒಂದು ಕಾರಣ ಘೋರವಾದದ್ದು. ಸಮುದ್ರದ ಕಡೆಯ ಮನೆಗಳು ಮುರಿದು ರಾಶಿ ಬಿದ್ದು, ಆ ರಾಶಿಯೇ ಹಿಂದಿನ ಬೀದಿಗಳಿಗೆ ತಡೆಯಾಯಿತು. ಇನ್ನೊಂದು ಕಾರಣ ವ್ಯಾಪಾರದ್ದು. 1914ರಲ್ಲಿ ಹ್ಯೂಸ್ಟನ್ನಿಗೆ ಹಡಗಿನ ಕಾಲುವೆ ತೆರೆಯಿತು. ದೊಡ್ಡ ಹಡಗುಗಳು ಇವರ ಬಂದರನ್ನು ದಾಟಿ ಒಳಗೇ ಹೋಗತೊಡಗಿದವು. ಕೆಡವಿ ಹೊಸದು ಕಟ್ಟುವ ಗರಜು ಯಾರಿಗೂ ಬೀಳಲಿಲ್ಲ. ಇವತ್ತು ಪ್ರವಾಸಿ ಫೋಟೊ ತೆಗೆಯುವ ಸ್ಟ್ರ್ಯಾಂಡ್ ಬೀದಿಯ ಚೆಲುವು, ಊರು ಸೋತದ್ದರ ಫಲ.

ಖಾಲಿ ಜಾಗ
ಸ್ಟ್ರ್ಯಾಂಡಿನ 22ನೇ ಬೀದಿಯ ಮೂಲೆಯಲ್ಲಿ ಕಾರು ನಿಲ್ಲಿಸುವ ಜಾಗ. ಪಕ್ಕದ ಗೋಡೆ ತುಂಬ ಗುಲಾಮರ ಬಿಡುಗಡೆಯ ಕಥೆ ಹೇಳುವ ಚಿತ್ರ. ಗುಲಾಮರನ್ನು ಬಿಡುಗಡೆ ಮಾಡಿದ ಅಧ್ಯಕ್ಷ ಲಿಂಕನ್ನರ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ಟೆಕ್ಸಾಸಿನ ಗುಲಾಮರಿಗೆ ‘ನೀವು ಸ್ವತಂತ್ರರು’ ಎಂಬ ಆದೇಶ ಹೊರಟದ್ದು 1865ರ ಜೂನ್ 19ಕ್ಕೆ, ಇಲ್ಲಿದ್ದ ಕಟ್ಟಡದಲ್ಲಿ ಠಾಣ್ಯ ಹೂಡಿದ್ದ ಜನರಲ್ ಗಾರ್ಡನ್ ಗ್ರೇಂಜರ್ ಅವರಿಂದ. ಎರಡೂವರೆ ವರ್ಷ! ಸುದ್ದಿ ತಡವಾಯಿತು ಎಂದು ಕೆಲವರು ಹೇಳುತ್ತಾರೆ. ಅಷ್ಟೇ ಅಲ್ಲ, ಜಾರಿ ಮಾಡಲು ಸೈನ್ಯ ಬರಬೇಕಾಯಿತು. ಆ ದಿನ ದೇಶದ ರಜೆಯಾದದ್ದು 2021ರಲ್ಲಿ. ಬಂಗಲೆಗಳೆಷ್ಟೋ ನಿಂತಿವೆ, ಈ ಕಟ್ಟಡ ಇಲ್ಲ.

ಹಿತ್ತಿಲು
2008ರ ಐಕ್ ಚಂಡಮಾರುತದಲ್ಲಿ ಸ್ಟ್ರ್ಯಾಂಡ್ ಮುಳುಗಿತು. ಗೋಡೆ ಇದ್ದೂ ಹೇಗೆ? ಗೋಡೆ ಇರುವುದು ಮುಂದೆ. ನೀರು ಬಂದದ್ದು ಹಿಂದಿನ ಕೊಲ್ಲಿಯಿಂದ. ಉಪ್ಪುನೀರಿಗೆ ಸುಮಾರು 40,000 ಮರಗಳು ಸತ್ತವು. ಕೆಲವು ಓಕ್ ಮರಗಳ ಮೋಟುಗಳನ್ನು ಜನ ಡಾಲ್ಫಿನ್, ಕೊಕ್ಕರೆ, ನಾಯಿಗಳಾಗಿ ಕೆತ್ತಿಸಿ ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದಾರೆ.

ಹೋಗುವವರಿಗೆ
ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಸಾಧ್ಯವಾದರೆ ತಪ್ಪಿಸಿ. ಸಮುದ್ರದ ನೀರು ಕಂದು ಬಣ್ಣದ್ದು, ನದಿಗಳು ತರುವ ಹೂಳು ಅದಕ್ಕೆ ಕಾರಣ. ಕೊಳಕೆಂದು ಮುಖ ಸಿಂಡರಿಸಬೇಡಿ. ಪಕ್ಕದ ಬೊಲಿವಾರ್ ಪರ್ಯಾಯ ದ್ವೀಪಕ್ಕೆ ಹೋಗುವ ದೋಣಿಗೆ ಕಾರಿದ್ದರೂ ಟಿಕೆಟ್ ಇಲ್ಲ. ಬೀಚಿಗೆ ಓಡುವ ಮುನ್ನ ಒಂದು ಗಂಟೆ ಹಳೇ ಬೀದಿಗಳಿಗೆ ಕೊಡಿ, ಕಣ್ಣು ಕೆಳಗಿರಲಿ. ಈ ಊರಿನ ದೊಡ್ಡ ಕೆಲಸವೆಲ್ಲ ಕಾಲಡಿಯಲ್ಲಿದೆ.