ಮಂಡಿಯ ಲೋಹವೂ ಮೇಲಣ ಮೂಳೆಯೂ

ಮುಪ್ಪಿನ ಬಾಧೆಗಳಲ್ಲಿ ಮಂಡಿನೋವಿನಷ್ಟು ಮನುಷ್ಯನನ್ನು ಪರಾಧೀನನನ್ನಾಗಿಸುವ ಬಾಧೆ ವಿರಳ. ನೆಲದ ಮೇಲೆ ಕುಳಿತು ಉಂಡು, ನೆಲದ ಮೇಲೆಯೇ ಕುಳಿತು ಪೂಜೆ ಮಾಡಿ, ಹೊಲದಲ್ಲಿ ಕುಕ್ಕುರುಗಾಲಿನಲ್ಲಿ ಕಳೆ ಕಿತ್ತು ಬಾಳಿದ ಹಿರಿಯರಿಗೆ ಮಂಡಿ ಹೋಯಿತೆಂದರೆ ಅರ್ಧ ಬದುಕೇ ಹೋದಂತೆ. ಅಂಥವರಿಗೆ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯು ವರದಾನವಾಗಿ ಬಂದಿದೆ ಎಂಬುದರಲ್ಲಿ ಸಂದೇಹವಿಲ್ಲ. ಬರ್ಲಿನ್ ನಗರದ ಥೆಮಿಸ್ಟೋಕ್ಲಿಸ್ ಗ್ಲೂಕ್ ಎಂಬ ಶಸ್ತ್ರವೈದ್ಯನು 1890ರಷ್ಟು ಹಿಂದೆಯೇ ಆನೆಯ ದಂತದಿಂದ ಮಂಡಿಯ ಕೀಲನ್ನು ಮಾಡಿ ಕೂರಿಸಿದ್ದನು; ಆದರೆ ಸೋಂಕಿನ ಕಾರಣದಿಂದ ಆ ಪ್ರಯತ್ನಗಳು ಬಹುಕಾಲ ನಿಲ್ಲಲಿಲ್ಲ. ಲೋಹ ಮತ್ತು ಪ್ಲಾಸ್ಟಿಕ್ಕಿನ ಇಂದಿನ ಮಾದರಿಯು ರೂಪುಗೊಂಡದ್ದು 1970ರ ದಶಕದಲ್ಲಿ. ಭಾರತದಲ್ಲಿ 2017ರ ಆಗಸ್ಟ್ ತಿಂಗಳಿನಲ್ಲಿ ಕೃತಕ ಮಂಡಿಗೆ ಸರ್ಕಾರವು ಗರಿಷ್ಠ ಬೆಲೆಯನ್ನು ಕಟ್ಟಿತು.

ಹೊಸ ಮಂಡಿಯ ಕೀರ್ತಿಯನ್ನು ಹಾಡುವವರು ಬಹಳ. ಆ ಮಂಡಿಯ ಆಸುಪಾಸಿನ ಮೂಳೆ ಮುರಿಯುವ ಸಂಭವವನ್ನು ಹೇಳುವವರು ಮಾತ್ರ ಕಡಮೆ.

ಧಾರವಾಡದ ಕಡೆಯ ಒಂದು ಹಳ್ಳಿಯ ಎಪ್ಪತ್ತನಾಲ್ಕು ವಯಸ್ಸಿನ ತಾಯಿಯೊಬ್ಬರಿಗೆ ಎರಡೂ ಮಂಡಿಗಳನ್ನು ಬದಲಾಯಿಸಿ ನಾಲ್ಕು ವರ್ಷಗಳಾಗಿದ್ದುವು. ಕೋಲನ್ನು ಮೂಲೆಗೆ ಒರಗಿಸಿ, ಜಾತ್ರೆಗೆ ನಡೆದೇ ಹೋಗಿಬರುವಷ್ಟು ಚೇತರಿಸಿಕೊಂಡಿದ್ದರು. ಒಂದು ದಿನ ಬಚ್ಚಲಿನ ಒದ್ದೆ ಕಲ್ಲಿನ ಮೇಲೆ ಕಾಲು ಜಾರಿತು. ಬಿದ್ದದ್ದು ನಿಂತ ನೆಲದಿಂದಲೇ ಹೊರತು ಅಟ್ಟದಿಂದಲ್ಲ. ಆದರೂ ಬಲಗಾಲು ಮಂಡಿಯ ನಾಲ್ಕು ಬೆರಳು ಮೇಲೆ ವಕ್ರವಾಯಿತು. ಆಸ್ಪತ್ರೆಯಲ್ಲಿ ಹಿರಿಯ ಮಗನು ಕೇಳಿದ ಮೊದಲ ಪ್ರಶ್ನೆ: “ಡಾಕ್ಟ್ರ, ಹಾಕಿಸಿದ ಮಂಡಿ ನಾಕ ವರ್ಷಕ್ಕ ಮುರೀತೇನ್ರಿ?”

ವೈದ್ಯರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, “ಮಂಡಿಗೆ ಏನೂ ಆಗಿಲ್ರಿ. ಅದರ ಮ್ಯಾಲಿನ ಎಲಬು ಮುರಿದೈತಿ” ಎಂದರು.

ಮಂಚದ ಮೇಲೆ ಮಲಗಿದ್ದ ತಾಯಿ ನೋವಿನಲ್ಲಿಯೂ, “ಅಂದ್ರ ನನಗಿಂತ ಅದನ ಗಟ್ಟಿ ಅಂದಂಗಾತು” ಎಂದರಂತೆ.

ಆ ಮಾತು ಶಾಸ್ತ್ರಸಮ್ಮತವೇ ಆಗಿದೆ. ತೊಡೆಮೂಳೆಯ ಕೆಳತುದಿಗೆ ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆತ ಲೋಹದ ಕವಚವನ್ನು ತೊಡಿಸಿ, ಕೆಳಗಿನ ಕಾಲುಮೂಳೆಯ ತಲೆಗೆ ಪೀಠವನ್ನು ಕೂರಿಸಿ, ಸಾಮಾನ್ಯವಾಗಿ ಮೂಳೆಗೆಂದೇ ಇರುವ ಸಿಮೆಂಟಿನಿಂದ ಅವನ್ನು ಅಂಟಿಸುತ್ತಾರೆ. ಕವಚವಿರುವ ಭಾಗ ಬಗ್ಗದು. ಅದರ ಅಂಚು ಮುಗಿದೊಡನೆ ಮುದಿಮೂಳೆಯು ಆರಂಭವಾಗುತ್ತದೆ. ಕಠಿಣವೂ ಮೃದುವೂ ಕೂಡುವ ಆ ಗಡಿಯಲ್ಲಿಯೇ ಬಿದ್ದ ಪೆಟ್ಟಿನ ಭಾರವೆಲ್ಲ ಸೇರುತ್ತದೆ. ಇನ್ನೂ ಒಂದು ಸೂಕ್ಷ್ಮವುಂಟು. ಮೂಳೆಯು ಹೊತ್ತ ಭಾರಕ್ಕೆ ತಕ್ಕಂತೆ ಬಲಿಯುತ್ತದೆ, ಹೊರದಿದ್ದರೆ ಸೊರಗುತ್ತದೆ ಎಂಬ ತತ್ತ್ವವನ್ನು ಜರ್ಮನಿಯ ಯೂಲಿಯುಸ್ ವೋಲ್ಫ್ 1892ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದನು. ಭಾರವನ್ನು ಲೋಹವೇ ಹೊತ್ತುಕೊಂಡಾಗ ಅದರ ಮರೆಯಲ್ಲಿರುವ ಮೂಳೆ ದುಡಿಮೆಯಿಲ್ಲದೆ ತೆಳ್ಳಗಾಗುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಮೊದಲೇ ಮೂಳೆ ಟೊಳ್ಳಾಗಿರುವುದುಂಟು. ಸಂಧಿವಾತಕ್ಕೆಂದು ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಿ, ಒಮ್ಮೆ ಹಾಕಿದ ಮಂಡಿಯನ್ನು ತೆಗೆದು ಮತ್ತೊಮ್ಮೆ ಹಾಕಿಸಿಕೊಂಡವರಲ್ಲಿ ಅಪಾಯವು ಇನ್ನೂ ಹೆಚ್ಚು. ಮೊದಲ ಸಲ ಬದಲಾಯಿಸಿಕೊಂಡವರಲ್ಲಿ 1000ಕ್ಕೆ ಸುಮಾರು 3ರಿಂದ 25 ಮಂದಿಗೆ ತೊಡೆಮೂಳೆಯ ಈ ಭಂಗವು ಸಂಭವಿಸುವುದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಅಲ್ಪಸಂಖ್ಯೆಯೇ ಸರಿ, ಆದರೆ ಬಿದ್ದವರ ಮನೆಗೆ ಅದು ಅಲ್ಪವಲ್ಲ.

ಇಲ್ಲಿ ಸುಶ್ರುತನನ್ನು ನೆನೆಯುವುದು ಉಚಿತ. ಆತನು ಭಂಗವನ್ನು ಸಂಧಿಮುಕ್ತ, ಕಾಂಡಭಗ್ನ ಎಂದು ಎರಡಾಗಿ ವಿಭಾಗಿಸಿ, ಮೊದಲನೆಯದಕ್ಕೆ 6, ಎರಡನೆಯದಕ್ಕೆ 12 ಭೇದಗಳನ್ನು ಹೇಳಿದ್ದಾನೆ. ನಳಿಗೆಯಂಥ ಮೂಳೆಗಳು ಮುರಿಯುತ್ತವೆ, ಕಪಾಲಾಸ್ಥಿಗಳು ಸೀಳುತ್ತವೆ ಎಂಬುದು ಅವನ ನಿರೀಕ್ಷಣೆ. ಮಂಡಿಯ ಮೂಳೆಯನ್ನು ಆತನು ಕಪಾಲಾಸ್ಥಿಗಳ ಗುಂಪಿಗೇ ಸೇರಿಸಿರುವುದು ಗಮನಾರ್ಹ. ಕೃತಕ ಮಂಡಿಯವರಲ್ಲಿ ಕೆಲವರಿಗೆ ಬೀಳದೆಯೇ ಮಂಡಿಚಿಪ್ಪು ಸೀಳುವುದುಂಟು. ಎಷ್ಟೋ ವೇಳೆ ನೋವೂ ಇಲ್ಲದೆ, ಬೇರೆ ಕಾರಣಕ್ಕೆ ತೆಗೆದ ಎಕ್ಸ್‌ರೇಯಲ್ಲಿ ಅದು ಬೆಳಕಿಗೆ ಬರುತ್ತದೆ. ಎಳೆವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಮೂಳೆಗೆ ನಡುವಯಸ್ಸಿನಲ್ಲಿ ಅದರ ಇಮ್ಮಡಿ, ಮುಪ್ಪಿನಲ್ಲಿ ಮುಮ್ಮಡಿ ಕಾಲ ಬೇಕೆಂದೂ ಸುಶ್ರುತನು ಹೇಳಿದ್ದಾನೆ. ಆದರೆ ಆ ಮಹಾಶಯನ ವಿಭಾಗದಲ್ಲಿ ಮೂಳೆಯಲ್ಲದ ಸಂಧಿಗೆ ಎಡೆಯೆಲ್ಲಿಂದ ಬರಬೇಕು? ಆದುದರಿಂದಲೇ ಇಂದಿನ ವೈದ್ಯನು ಮೂಳೆ ಎಲ್ಲಿ ಮುರಿಯಿತೆಂಬುದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುತ್ತಾನೆ: ಲೋಹವು ಮೂಳೆಯನ್ನು ಇನ್ನೂ ಭದ್ರವಾಗಿ ಹಿಡಿದಿದೆಯೋ, ಸಡಿಲಗೊಂಡಿದೆಯೋ? 1997ರಲ್ಲಿ ಲೂಯಿಸ್ ಮತ್ತು ರೋರಬೆಕ್ ಎಂಬವರು ಮಾಡಿದ ವರ್ಗೀಕರಣವು ನಿಂತಿರುವುದು ಈ ಪ್ರಶ್ನೆಯ ಮೇಲೆ, ಮತ್ತು ಮುರಿದ ತುಂಡುಗಳು ಸರಿದಿವೆಯೇ ಎಂಬುದರ ಮೇಲೆ.

ಲೋಹವು ಭದ್ರವಾಗಿದ್ದರೆ ಪ್ಲೇಟು, ಸ್ಕ್ರೂಗಳಿಂದ ಮೂಳೆಯನ್ನು ಬಿಗಿಯುತ್ತಾರೆ. ಇಲ್ಲವೆ ಮೂಳೆಯ ಒಳಗೆ ರಾಡನ್ನು ತೂರಿಸುತ್ತಾರೆ. ರಾಡು ಮಂಡಿಯ ಕಡೆಯಿಂದಲೇ ಹೋಗಬೇಕಾದುದರಿಂದ ಹಾಕಿದ ಮಂಡಿಯ ನಡುವೆ ಅದಕ್ಕೆ ದಾರಿಯಿರಬೇಕು. ಎಲ್ಲ ಮಾದರಿಗಳಲ್ಲಿಯೂ ಅದು ಇರುವುದಿಲ್ಲ. ಲೋಹವು ಸಡಿಲವಾಗಿದ್ದರೆ ಮಂಡಿಯನ್ನೇ ಮತ್ತೆ ಬದಲಾಯಿಸಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯ ದಿನ ಕೊಟ್ಟ ಚೀಟಿಯಲ್ಲಿ ಹಾಕಿದ ಮಂಡಿಯ ಮಾದರಿ, ಅಳತೆಗಳು ಇರುತ್ತವೆ. ಬಹಳ ಮನೆಗಳಲ್ಲಿ ಅದು ಹಳೆಯ ವಿದ್ಯುತ್ ಬಿಲ್ಲುಗಳೊಡನೆ ರದ್ದಿಗೆ ಹೋಗಿರುತ್ತದೆ. ಹೊಲದ ಉತಾರದಷ್ಟೇ ಜೋಪಾನವಾಗಿ ಕಾದಿಡಬೇಕಾದ ಕಾಗದವದು.

ಆ ತಾಯಿಯ ಕಾಲಿಗೆ ಪ್ಲೇಟು ಹಾಕಿದರು. ಮೂರನೆಯ ದಿನವೇ ಎಬ್ಬಿಸಿ ಕೂರಿಸಿದರು. ಮುದಿವಯಸ್ಸಿನಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ಬೆನ್ನುಹುಣ್ಣು, ನ್ಯುಮೋನಿಯಾ, ರಕ್ತ ಹೆಪ್ಪುಗಟ್ಟುವಿಕೆಗಳು ಮುರಿದ ಮೂಳೆಗಿಂತ ಘೋರವಾಗಬಲ್ಲವು. ಊರಿನವರು ಹೆಸರಾಂತ ನಾಟಿ ಪಟ್ಟು ಕಟ್ಟುವವರನ್ನು ಕರೆಸುವಂತೆ ಒತ್ತಾಯಿಸಿದ್ದರು. ಮಗನು ಒಪ್ಪದಿದ್ದುದು ಲೇಸಾಯಿತು. ಪಟ್ಟು ಕಟ್ಟುವವರ ವಿದ್ಯೆಯನ್ನು ಹಳಿಯಬೇಕಾಗಿಲ್ಲ. ಆದರೆ ಒಳಗೆ ಲೋಹವಿರುವ ಕಾಲನ್ನು ಕೈಯಿಂದ ತಡವಿ ಅರಿಯಲಾಗದು, ಮತ್ತು ಬಿಗಿದ ಮಂಡಿಯನ್ನು ಎಣ್ಣೆ ಹಚ್ಚಿ ಬಲವಂತದಿಂದ ಮಡಿಸುವಾಗ ಟೊಳ್ಳುಮೂಳೆ ಮುರಿದುಹೋಗುವ ಅಪಾಯವುಂಟು.

ಇಂಥ ಮನೆಗಳಲ್ಲಿ ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ಬಚ್ಚಲಿನ ಗೋಡೆಗೆ ಹಿಡಿದು ನಿಲ್ಲಲು ಒಂದು ಕಂಬಿ, ನೆಲಕ್ಕೆ ಜಾರದ ಹಾಸು, ರಾತ್ರಿ ಉರಿಯುವ ಸಣ್ಣ ದೀಪ. ಮಂಡಿ ಬದಲಾಯಿಸುವ ಮುನ್ನವೇ ಮೂಳೆಯ ಸಾಂದ್ರತೆಯ ಪರೀಕ್ಷೆ, ಅಗತ್ಯವಿದ್ದರೆ ಅದಕ್ಕೆ ಔಷಧ. ಆ ಹಳ್ಳಿಯ ಮನೆಯಲ್ಲಿ ಈಗ ಬಚ್ಚಲಿನ ಹಳೆಯ ನುಣುಪುಕಲ್ಲಿಗೆ ಕಲ್ಲುಕುಟಿಗನನ್ನು ಕರೆಸಿ ಉಳಿಪೆಟ್ಟು ಹಾಕಿಸಿದ್ದಾರೆ.