ಗಾಲ್ಫ್ ನಿಯಮಗಳ ಪುಸ್ತಕ

ಗಾಲ್ಫ್ ಆಟದ ವಿಷಯವಾಗಿ ಬರೆಯುವ ದಿನವೊಂದು ಬರುತ್ತದೆಂದು ನಾನು ಎಣಿಸಿರಲಿಲ್ಲ. ಮೈಸೂರಿನ ರೇಸ್ ಕೋರ್ಸಿನ ಬಳಿ ಹಾದುಹೋಗುವಾಗ ಟೋಪಿ ಧರಿಸಿದ ಕೆಲವರು ಹುಲ್ಲಿನ ಮೇಲೆ ನಿಧಾನವಾಗಿ ನಡೆಯುವುದನ್ನು ಕಂಡು, ಇದು ಉಳ್ಳವರ ವಾಯುವಿಹಾರವೇ ಹೊರತು ಆಟವಲ್ಲ ಎಂದು ತೀರ್ಮಾನಿಸಿಕೊಂಡಿದ್ದವನು ನಾನು. ಆ ತೀರ್ಮಾನ ಕದಲಿದ್ದು 2024ರ ಬೇಸಿಗೆ ರಜೆಯಲ್ಲಿ, ನನ್ನ ಮಗಳ ಮಗನ ದೆಸೆಯಿಂದ.

ಹದಿಮೂರು ವರ್ಷದ ಈ ಹುಡುಗ ಬೆಂಗಳೂರಿನಲ್ಲಿ ಗಾಲ್ಫ್ ಕಲಿಯುತ್ತಿದ್ದಾನೆ. ಅಂದು ಕಿರಿಯರ ಸ್ಪರ್ಧೆಯೊಂದಿತ್ತು. ಈ ಆಟದಲ್ಲಿ ಚೆಂಡನ್ನು ಒಂದೊಂದು ಕುಳಿಗೆ ಸೇರಿಸಲು ಎಷ್ಟು ಹೊಡೆತಗಳಾದವು ಎಂಬುದೇ ಲೆಕ್ಕ; ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದಂತೆ. ಒಬ್ಬನ ಹೊಡೆತಗಳನ್ನು ಜೊತೆಯಲ್ಲಿ ಆಡುವ ಇನ್ನೊಬ್ಬ ಕಾರ್ಡಿನಲ್ಲಿ ಬರೆಯುತ್ತಾನೆ. ಅವನನ್ನು ಮಾರ್ಕರ್ ಎನ್ನುತ್ತಾರೆ. ಆಟ ಮುಗಿದ ಮೇಲೆ ಆಟಗಾರನು ಆ ಕಾರ್ಡನ್ನು ಪರಿಶೀಲಿಸಿ, ಸಹಿ ಮಾಡಿ ಒಪ್ಪಿಸಬೇಕು. ನಮ್ಮ ಹುಡುಗ ಹಾಗೆಯೇ ಒಪ್ಪಿಸಿ ಬಂದು, ಮರದ ನೆರಳಿನಲ್ಲಿ ಚಿತ್ರಾನ್ನ ತಿನ್ನುತ್ತ ತಾಯಿಗೆ ಒಂದೊಂದು ಕುಳಿಯ ಕಥೆಯನ್ನೂ ವರ್ಣಿಸುತ್ತಿದ್ದವನು, ನಾಲ್ಕನೆಯದಕ್ಕೆ ಬಂದಾಗ ತಟಕ್ಕನೆ ನಿಂತ. ಅಲ್ಲಿ ಅವನು ಆಡಿದ್ದು ಏಳು ಹೊಡೆತ, ಕಾರ್ಡಿನಲ್ಲಿ ಕಂಡ ನೆನಪು ಆರು. ತಟ್ಟೆಯನ್ನು ಅಲ್ಲಿಯೇ ಇಟ್ಟು ಎದ್ದು ಹೋದ. ಹತ್ತು ನಿಮಿಷದಲ್ಲಿ ಹಿಂದಿರುಗಿ, "ನನ್ನನ್ನು ಡಿಸ್‌ಕ್ವಾಲಿಫೈ ಮಾಡಿದರು ತಾತ" ಎಂದ. ಮೂರನೆಯ ಬಹುಮಾನ ಅವನಿಗೆ ಬರುವುದಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೇರವಾಗಿ ವ್ಯವಸ್ಥಾಪಕರ ಮೇಜಿಗೆ ಹೋಗಿ, "ಮಗು ತಾನಾಗಿ ಬಂದು ಸತ್ಯ ಹೇಳಿದ್ದಕ್ಕೆ ಇದೇನು ನಿಮ್ಮ ಪುರಸ್ಕಾರ? ಒಂದು ಹೊಡೆತ ಸೇರಿಸಿದ್ದರೆ ಸಾಕಿತ್ತಲ್ಲ!" ಎಂದು ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ಬಳಸಿದ ಧ್ವನಿಯಲ್ಲಿಯೇ ಕೇಳಿದೆ. ಅಲ್ಲಿದ್ದ ಯುವಕ ಬಹಳ ವಿನಯದಿಂದ, "ಸಾರ್, ದಯವಿಟ್ಟು ನಿಯಮ 3.3 ಓದಿ ನೋಡಿ" ಎಂದು ಪುಸ್ತಕವೊಂದನ್ನು ಕೈಗಿತ್ತ. ಓದಿ, ಲೋಪ ಹುಡುಕಿ, ಒಂದು ಮನವಿ ಬರೆಯಬೇಕೆಂದು ಅದನ್ನು ಮೈಸೂರಿಗೆ ತಂದೆ.

ಕನ್ನಡ ವ್ಯಾಕರಣ ಪಾಠ ಮಾಡಿದವನಿಗೆ ಈ ಪುಸ್ತಕ ಅಪರಿಚಿತವೆನಿಸಲಿಲ್ಲ. ಮೊದಲು ಸಂಜ್ಞೆಗಳ ವಿವರಣೆ, ಆಮೇಲೆ ಸಾಮಾನ್ಯ ನಿಯಮ, ಅದರ ಬೆನ್ನಿಗೆ ಅಪವಾದ: ಸೂತ್ರಗ್ರಂಥಗಳನ್ನು ಹೇಗೆ ಓದಬೇಕೋ ಹಾಗೆಯೇ ಇದನ್ನೂ ಓದಬೇಕು. 'ಮಾಡಬಹುದು' ಎಂದಿರುವಲ್ಲಿ 'ಮಾಡಲೇಬೇಕು' ಎಂದು ಓದಿಕೊಂಡರೆ ಕೆಟ್ಟಿತು. ಮೂಲತತ್ತ್ವ ಒಂದೇ: ಮೈದಾನ ಹೇಗಿದೆಯೋ ಹಾಗೆಯೇ ಆಡು, ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಹೊಡೆ. ಉಳಿದುದೆಲ್ಲ ಇದಕ್ಕೆ ಭಾಷ್ಯ. ಉದುರಿದ ಎಲೆಯನ್ನು ಸರಿಸಬಹುದು, ಗಿಡಕ್ಕೆ ಅಂಟಿಕೊಂಡಿರುವ ಎಲೆಯನ್ನು ಕೀಳುವಂತಿಲ್ಲ. ಸತ್ತ ಹಾವು ಎತ್ತಿಹಾಕಬಹುದಾದ ವಸ್ತು, ಬದುಕಿರುವ ಹಾವಿಗೆ ಬೇರೆಯ ನಿಯಮ. ದನದ ಸಗಣಿಯನ್ನೂ ಎತ್ತಿಹಾಕಬಹುದು! ವಿಷಸರ್ಪವೋ ಜೇನುಹುಳುವೋ ಹತ್ತಿರವಿದ್ದು ಅಪಾಯವಾಗುವಂತಿದ್ದರೆ ಪೆನಾಲ್ಟಿಯಿಲ್ಲದೆ ಬೇರೆಡೆಯಿಂದ ಆಡಬಹುದು. ಆದರೆ ಪಾಪಾಸುಕಳ್ಳಿಯ ಮುಳ್ಳಿಗೆ ಹೆದರಿದವನಿಗೆ ಆ ರಿಯಾಯಿತಿ ಇಲ್ಲ. ಹೀಗೆ ಓದುತ್ತ ಹೋದಂತೆ ಮನವಿಯ ಮಾತು ಮರೆತು ಎರಡು ಸಂಜೆಗಳು ಕಳೆದವು.

ಇದರ ಚರಿತ್ರೆಯೂ ಸ್ವಾರಸ್ಯಕರ. 1744ರಲ್ಲಿ ಎಡಿನ್‌ಬರೋ ನಗರದವರು ಬೆಳ್ಳಿಯ ಕೋಲೊಂದನ್ನು ಬಹುಮಾನವಾಗಿ ಕೊಟ್ಟಾಗ, ಲೀತ್ ಎಂಬಲ್ಲಿ ಆಡುತ್ತಿದ್ದ ಮಹನೀಯರು ಸ್ಪರ್ಧೆಗೆಂದು 13 ನಿಯಮಗಳನ್ನು ಬರೆದರು. ಅವಕ್ಕೆ ಸಹಿ ಹಾಕಿದ ಜಾನ್ ರ್ಯಾಟ್ರೆ ಎಂಬ ಶಸ್ತ್ರವೈದ್ಯರೇ ಆ ಸ್ಪರ್ಧೆಯನ್ನೂ ಗೆದ್ದರು. (ಪ್ರಶ್ನೆಪತ್ರಿಕೆ ತಯಾರಿಸಿದವನೇ ಪರೀಕ್ಷೆ ಬರೆದಂತೆ ಎಂದು ನನ್ನ ತುಂಟ ಮನಸ್ಸು ಹೇಳಿತು.) ಈಗ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿರುವ ಆರ್ ಅಂಡ್ ಎ ಸಂಸ್ಥೆ ಮತ್ತು ಅಮೆರಿಕದ ಗಾಲ್ಫ್ ಸಂಘ ಕೂಡಿ ನಿಯಮಗಳನ್ನು ರೂಪಿಸುತ್ತವೆ. 34 ಇದ್ದ ನಿಯಮಗಳನ್ನು 2019ರಲ್ಲಿ 24ಕ್ಕೆ ಇಳಿಸಿದರು. 2023ರಲ್ಲಿ ಅಂಗವಿಕಲ ಆಟಗಾರರಿಗಾಗಿ ಒಂದನ್ನು ಸೇರಿಸಿ 25 ಮಾಡಿದರು. ಕಳೆದುಹೋದ ಚೆಂಡನ್ನು ಹುಡುಕಲು ಮೊದಲು ಐದು ನಿಮಿಷ ಅವಕಾಶವಿತ್ತು, ಈಗ ಮೂರೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಸಮೀಪದ ರಿಚ್ಮಂಡ್ ಕ್ಲಬ್ಬಿನವರು ಮಾಡಿಕೊಂಡ ತಾತ್ಕಾಲಿಕ ನಿಯಮವಂತೂ ಮರೆಯುವಂಥದಲ್ಲ. ಹೊಡೆಯುವ ಕ್ಷಣದಲ್ಲಿಯೇ ಬಾಂಬು ಸಿಡಿದು ಹೊಡೆತ ಕೆಟ್ಟರೆ ಅದೇ ಸ್ಥಳದಿಂದ ಇನ್ನೊಂದು ಚೆಂಡು ಆಡಬಹುದು. ಆದರೆ ಒಂದು ಹೊಡೆತದ ಪೆನಾಲ್ಟಿ ಉಂಟು!

ಈ ಆಟದಲ್ಲಿ ಕ್ರಿಕೆಟ್ಟಿನಂತೆ ಪಕ್ಕದಲ್ಲಿ ಅಂಪೈರ್ ನಿಂತಿರುವುದಿಲ್ಲ. ತನ್ನ ತಪ್ಪನ್ನು ಆಟಗಾರ ತಾನೇ ಹೇಳಿಕೊಳ್ಳಬೇಕೆಂಬುದು ನಿಯಮ 1ರಲ್ಲಿಯೇ ಇದೆ. 1925ರ ಅಮೆರಿಕನ್ ಓಪನ್ ಸ್ಪರ್ಧೆಯಲ್ಲಿ ಬಾಬಿ ಜೋನ್ಸ್ ಹೊಡೆಯಲು ಸಿದ್ಧನಾದಾಗ, ದಟ್ಟ ಹುಲ್ಲಿನಲ್ಲಿದ್ದ ಚೆಂಡು ಕೊಂಚ ಅಲುಗಿತು. ಬೇರೆ ಯಾರೂ ಕಂಡಿರಲಿಲ್ಲ. ತಾನೇ ಹೇಳಿ ಒಂದು ಹೊಡೆತದ ಪೆನಾಲ್ಟಿ ಹಾಕಿಸಿಕೊಂಡ. ಕೊನೆಗೆ ಸಮಬಲವಾಗಿ, ಮರು ಆಟದಲ್ಲಿ ಸೋತ. ಆ ಒಂದು ಹೊಡೆತ ಇಲ್ಲದಿದ್ದರೆ ಮರು ಆಟದ ಅಗತ್ಯವೇ ಇರುತ್ತಿರಲಿಲ್ಲ.

ಇನ್ನು ನನ್ನನ್ನು ಕೆಣಕಿದ್ದ ನಿಯಮ 3.3. ಕಾರ್ಡಿನಲ್ಲಿ ಒಂದು ಕುಳಿಗೆ ಆಡಿದ್ದಕ್ಕಿಂತ ಹೆಚ್ಚು ಬರೆದಿದ್ದು, ಅದಕ್ಕೆ ಆಟಗಾರ ಸಹಿ ಮಾಡಿ ಒಪ್ಪಿಸಿದರೆ, ಆ ಹೆಚ್ಚಿನ ಅಂಕಿಯೇ ಅವನಿಗೆ ಗತಿ. ಕಡಿಮೆ ಬರೆದಿದ್ದರೆ ಅವನು ಸ್ಪರ್ಧೆಯಿಂದಲೇ ಹೊರಗೆ. ಅರ್ಜೆಂಟೀನಾದ ರಾಬರ್ಟೊ ಡಿ ವಿಚೆಂಜೊ 1968ರ ಮಾಸ್ಟರ್ಸ್ ಸ್ಪರ್ಧೆಯ ಕೊನೆಯ ದಿನ 17ನೆಯ ಕುಳಿಯನ್ನು ಮೂರೇ ಹೊಡೆತಗಳಲ್ಲಿ ಮುಗಿಸಿದ್ದ. ಮಾರ್ಕರ್ ಆಗಿದ್ದವನು ನಾಲ್ಕು ಎಂದು ಬರೆದ. ಇವನು ನೋಡದೆ ಸಹಿ ಮಾಡಿದ. 65 ಇದ್ದದ್ದು 66 ಆಯಿತು. ಪ್ರಶಸ್ತಿಗಾಗಿ ಮರುದಿನ ಮರು ಆಟ ಆಡಬೇಕಾಗಿದ್ದವನು ಒಂದು ಹೊಡೆತದಿಂದ ಸೋತ. ಅಂದು ಅವನ ನಲವತ್ತೈದನೆಯ ಹುಟ್ಟುಹಬ್ಬ. ಟೆಲಿವಿಷನ್ನಿನಲ್ಲಿ ಲಕ್ಷಾಂತರ ಜನ ಕಂಡಿದ್ದರೂ ಕಾರ್ಡೇ ಪ್ರಮಾಣ. ಅವನು ಮಾರ್ಕರನ್ನು ದೂರದೆ ತನ್ನನ್ನೇ ಹಳಿದುಕೊಂಡನಂತೆ.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಒಟ್ಟು ಮೊತ್ತ ಕೂಡುವ ಹೊಣೆ ಆಟಗಾರನದಲ್ಲ, ಸಮಿತಿಯದು. ಅವನು ನೋಡಬೇಕಾದದ್ದು ಒಂದೊಂದು ಕುಳಿಯ ಅಂಕಿಯನ್ನು ಮಾತ್ರ. ತಾನು ಆಡಿದ್ದು ತನಗೆ ಗೊತ್ತು, ಬರೆದದ್ದು ಕೈಯಲ್ಲಿದೆ, ಹೋಲಿಸಿ ನೋಡಿಯೇ ಒಪ್ಪಿಸಬೇಕು. ಇಲ್ಲಿಗೆ ಬಂದಾಗ ನಾನು ಪುಸ್ತಕವನ್ನು ಮುಚ್ಚಿಟ್ಟೆ. ಕಾರಣ ಹೇಳುತ್ತೇನೆ. ಇದುವರೆಗೆ ಯಾರಿಗೂ ಹೇಳಿದ್ದಿಲ್ಲ.

1988ರಲ್ಲಿ ನಾನು ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯ ಉಪಾಧ್ಯಾಯನಾಗಿದ್ದೆ. ಏಪ್ರಿಲ್ ಹತ್ತರಂದು ಫಲಿತಾಂಶ ಪ್ರಕಟವಾಯಿತು. ಮೇ ಕೊನೆಯಲ್ಲಿ ಉತ್ತರಪತ್ರಿಕೆಗಳ ಕಟ್ಟುಗಳನ್ನು ಬೀರುವಿನಲ್ಲಿ ಜೋಡಿಸುತ್ತಿರುವಾಗ ಒಂದು ಪತ್ರಿಕೆ ಕಣ್ಣಿಗೆ ಬಿತ್ತು. ಕನ್ನಡದಲ್ಲಿ 43 ಅಂಕ, ನನ್ನದೇ ಕೆಂಪು ಶಾಯಿ. ಆ ಹುಡುಗ ನಪಾಸಾಗಿದ್ದನಲ್ಲ ಎಂದು ಅಂಕವಹಿ ತೆಗೆದು ನೋಡಿದೆ. 34 ಎಂದಿತ್ತು, ಅದೂ ನನ್ನದೇ ಅಕ್ಷರ. ಉತ್ತೀರ್ಣನಾಗಲು 35 ಬೇಕು. ಉಳಿದ ಎಲ್ಲ ವಿಷಯಗಳಲ್ಲಿ ಅವನು ಪಾಸಾಗಿದ್ದ.

ವಹಿಗೆ ಮೂವರ ಸಹಿ ಬಿದ್ದಿತ್ತು. ನನಗೆ ಆಗ ನೌಕರಿಯಲ್ಲಿ ಐದು ವರ್ಷ. ಶಾಲೆ ತೆರೆದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಜೂನಿನಲ್ಲಿ ಶಾಲೆ ತೆರೆಯಿತು, ಹುಡುಗ ಬರಲಿಲ್ಲ. ಅವನ ತಂದೆ ಅವನನ್ನು ಸಂತೆಬೀದಿಯ ಸೈಕಲ್ ಷಾಪಿಗೆ ಸೇರಿಸಿದ್ದರು. ಒಂದು ಸಂಜೆ ಹೇಳಲೇಬೇಕೆಂದು ಸೈಕಲ್ ತಳ್ಳಿಕೊಂಡು ಅಲ್ಲಿಗೆ ಹೋದೆ. "ನಮಸ್ಕಾರ ಸಾರ್" ಎಂದು ಎದ್ದು ನಿಂತು, ನಾನು ಕೇಳುವ ಮೊದಲೇ ಎರಡು ಚಕ್ರಕ್ಕೂ ಗಾಳಿ ಹೊಡೆದ. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. "ಕನ್ನಡ ಚೆನ್ನಾಗಿ ಬರೆದಿದ್ದೆ ಅಂದುಕೊಂಡಿದ್ದೆ ಸಾರ್" ಎಂದು ನಕ್ಕ. ನಾನು ಸೈಕಲ್ ಹತ್ತಿ ಬಂದುಬಿಟ್ಟೆ. ಮರುವರ್ಷ ನನಗೆ ವರ್ಗವಾಯಿತು.

ಆ ಹುಡುಗನ ಕೈಗೆ ನಾವು ಉತ್ತರಪತ್ರಿಕೆಯನ್ನು ಕೊಟ್ಟಿರಲಿಲ್ಲ. ತಾನು ಬರೆದದ್ದನ್ನೂ ನಾನು ಬರೆದದ್ದನ್ನೂ ಹೋಲಿಸಿ ನೋಡುವ ಅವಕಾಶ ಅವನಿಗಿರಲಿಲ್ಲ. ನನ್ನ ಮೊಮ್ಮಗನಿಗಿತ್ತು. ಕಠಿಣವೆಂದು ನಾನು ಜರೆದ ನಿಯಮ, ಕಾರ್ಡನ್ನು ಮೊದಲು ಅವನ ಕೈಯಲ್ಲಿಟ್ಟು, ಆಮೇಲೆ ಸಹಿ ಕೇಳಿತ್ತು. ಮನವಿ ಬರೆಯುವ ವಿಚಾರವನ್ನು ಕೈಬಿಟ್ಟೆ.

ಪುಸ್ತಕದ ಕೊನೆಯ ಭಾಗದಲ್ಲಿ, ನಿಯಮ 20ರಲ್ಲಿ, ಕಾಲಮಿತಿಯ ಪ್ರಸ್ತಾಪವಿದೆ. ಸ್ಪರ್ಧೆ ಮುಗಿದು ಫಲಿತಾಂಶ ಅಂತಿಮವಾದ ಮೇಲೆ ಸಾಮಾನ್ಯವಾಗಿ ಹಳೆಯ ತಪ್ಪನ್ನು ಕೆದಕುವಂತಿಲ್ಲ. ಆದರೆ ಆಡಿದ್ದಕ್ಕಿಂತ ಕಡಿಮೆ ಬರೆದು ಒಪ್ಪಿಸಿದ ಕಾರ್ಡಿಗೆ ಆ ರಕ್ಷಣೆ ಇಲ್ಲ. ತನಗೆ ಅರಿವಿಲ್ಲದ ಪೆನಾಲ್ಟಿ ಬಿಟ್ಟುಹೋಗಿದ್ದರೆ ಮಾತ್ರ ವಿನಾಯಿತಿ. ಮಿಕ್ಕಂತೆ ಅದು ಎಂದು ಬೆಳಕಿಗೆ ಬಂದರೂ ಅನರ್ಹತೆಯೇ.

ಮೊಮ್ಮಗ ಫೋನಿನಲ್ಲಿ, "ತಾತ, ಕಂಪ್ಲೇಂಟ್ ಕೊಟ್ಟಿರಾ?" ಎಂದು ಕೇಳಿದ. ಇಲ್ಲವೆಂದೆ. "ಒಳ್ಳೇದಾಯ್ತು, ನಾನು ಮತ್ತೆ ಅಲ್ಲೇ ಆಡಬೇಕು" ಎಂದ.

ಕಳೆದ ತಿಂಗಳು ಆ ಊರಿಗೆ ಹೋಗಿ ಬಂದೆ. ಸೈಕಲ್ ಷಾಪು ಇದ್ದ ಜಾಗದಲ್ಲಿ ಈಗ ಔಷಧಿ ಅಂಗಡಿ ಇದೆ. ಪಕ್ಕದ ಹೋಟೆಲಿನವರು, "ಅವರು ತುಮಕೂರಿನಲ್ಲಿದ್ದಾರೆ ಸಾರ್, ಟೈರಿನ ವ್ಯಾಪಾರ" ಎಂದು ಫೋನ್ ನಂಬರ್ ಹೇಳಿದರು. ಕೈಚೀಲದಲ್ಲಿ ಬೇರೆ ಕಾಗದ ಸಿಗದೆ, ನಿಯಮಗಳ ಪುಸ್ತಕದ ಹಿಂಬದಿಯ ರಟ್ಟಿನ ಮೇಲೆಯೇ ಬರೆದುಕೊಂಡೆ. ಬರೆದ ಅಂಕಿಗಳನ್ನು ಅವರಿಗೇ ಎರಡು ಸಲ ಓದಿ ಹೇಳಿ ಸರಿನೋಡಿಕೊಂಡೆ. ಇನ್ನೂ ಫೋನ್ ಮಾಡಿಲ್ಲ.