ರಬ್ಬರಿನ ಬಳೆ

ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವು ಮುಟ್ಟುವಂಥ ಜೀಪೆಂಬ ವಾಹನವನ್ನು ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಕಾಣದವರು ವಿರಳ. ಅಂದಿನ ಬೊಂಬಾಯಿಯ ಮಹೀಂದ್ರ ಸಂಸ್ಥೆಯವರು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಈ ದೇಶದಲ್ಲಿ ಜೋಡಿಸತೊಡಗಿದ ತರುವಾಯ, ಆ ಬಗೆಯ ಬಂಡಿಗಳು ಹೊಳಲ್ಕೆರೆಯ ಅಡಿಕೆತೋಟಗಳಿಗೂ ಹೊಸದುರ್ಗದ ತೆಂಗಿನ ತೋಟಗಳಿಗೂ ಹಿರಿಯೂರಿನ ಎರೆಹೊಲಗಳಿಗೂ ಹಾದಿ ಮಾಡಿಕೊಂಡವು. ನಮ್ಮ ತಂದೆಯವರಲ್ಲಿಯೂ ಅಂಥ ಹಳೆಯದೊಂದು ಇರುವುದು. ತೋಟದ ಮನೆಯಿಂದ ಹಿರಿಯೂರಿನ ಪೇಟೆಗಾಗಲಿ ಆಸ್ಪತ್ರೆಗಾಗಲಿ ಹೋಗಲು ನಮಗೆ ಅದೇ ಆಧಾರ.

1933ರ ತರುವಾಯ ಮೊದಲನೆಯ ಸಾರಿ 2022ನೆಯ ಸೆಪ್ಟೆಂಬರಿನಲ್ಲಿ ವಾಣೀವಿಲಾಸ ಸಾಗರವು ಕೋಡಿ ಬಿದ್ದ ಸಂಗತಿಯನ್ನು ವಾಚಕರು ಬಲ್ಲರು. ಆ ಮಳೆಗಾಲದಲ್ಲಿ ಹಳ್ಳಗಳು ತುಂಬಿ ಹರಿಯುತ್ತಿರಲು, ನಮ್ಮ ಬಂಡಿಯು ಅನೇಕ ಸಾರಿ ನೀರನ್ನು ದಾಟಿತು. ಕೆಲವು ದಿನಗಳಾದ ಬಳಿಕ ಮುಂದಿನ ಎಡಚಕ್ರದ ಒಳಮೈಯಲ್ಲಿ ಜಿಡ್ಡು ಕಂಡಿತು. ಬ್ರೇಕು ಒತ್ತಿದಾಗ ಬಂಡಿಯು ಬಲಕ್ಕೆ ಎಳೆಯತೊಡಗಿತು. ಎಣ್ಣೆ ತಗಲಿದ ಬ್ರೇಕು ಹಿಡಿಯದಷ್ಟೆ. ಉಬ್ಬಸದಿಂದ ನರಳುವ ತಾಯಿಯವರನ್ನು ಯಾವ ರಾತ್ರಿ ಆಸ್ಪತ್ರೆಗೆ ಒಯ್ಯಬೇಕಾದೀತೋ ಎಂಬ ಭಯವಿದ್ದ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಆದಕಾರಣ ತಂದೆಯವರೂ ನಾನೂ ಅಂಗಳದಲ್ಲಿಯೇ ಕೆಲಸಕ್ಕೆ ಕೈಹಾಕಿದೆವು.

ಮುಂದಿನ ಆ್ಯಕ್ಸಲಿನ ಕೊಳವೆಯೊಳಗೆ ಎರಡು ಕಡೆಗೂ ಬಳೆಯಂಥ ಒಂದೊಂದು ಆಯಿಲ್ ಸೀಲ್ ಇರುವುದು. ಅದರ ತೆಳುವಾದ ರಬ್ಬರಿನ ತುಟಿಯು ತಿರುಗುವ ಷಾಫ್ಟನ್ನು ಅಪ್ಪಿಕೊಂಡು, ನಡುವಣ ಹಲ್ಲುಚಕ್ರಗಳ ಎಣ್ಣೆಯು ಹೊರಬಾರದಂತೆ ತಡೆಯುತ್ತದೆ. ಚಕ್ರವು ಎಡಬಲಕ್ಕೆ ಹೊರಳುವ ಕಡೆಯಲ್ಲಿರುವ ಕಬ್ಬಿಣದ ಗುಂಡಿನ ಮೇಲೆ ಇನ್ನೊಂದು ತಡೆಯುಂಟು. ಅದು ಧೂಳನ್ನೂ ನೀರನ್ನೂ ಹೊರಗಿಡುವುದು.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬಂಡಿಯನ್ನು ಜಾಕಿನಿಂದ ಎತ್ತಿ, ಜಾಕನ್ನೇ ನಂಬದೆ ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆವು. ಚಕ್ರ, ಡ್ರಮ್ಮು, ಬೇರಿಂಗುಗಳನ್ನು ತಂದೆಯವರು ಬಿಚ್ಚಿದ ಕ್ರಮದಲ್ಲಿಯೇ ನಾನು ಹಳೆಯ ಸೀರೆಯ ಮೇಲೆ ಸಾಲಾಗಿ ಇಟ್ಟೆನು. ಬ್ರೇಕಿನ ರಬ್ಬರ್ ಪೈಪು ಜಗ್ಗದಂತೆ ಅದರ ತಟ್ಟೆಯನ್ನು ತಂತಿಯಿಂದ ಕಟ್ಟಿ, ಷಾಫ್ಟನ್ನು ಹೊರಗೆಳೆದೆವು. ಹಳೆಯ ಸೀಲಿನ ತುಟಿಯು ಮರದಂತೆ ಗಡಸಾಗಿತ್ತು. ಎಣ್ಣೆಯು ನೀರು ಬೆರೆತು ಹಾಲಿನಂತೆ ಬೆಳ್ಳಗಾಗಿತ್ತು. ಹೊಸ ಸೀಲಿನ ತುಟಿಯು ಎಣ್ಣೆಯ ಕಡೆಗೆ ಮುಖಮಾಡಿರಬೇಕು. ಅದಕ್ಕೆ ಎಣ್ಣೆ ಸವರಿ, ಸರಿಯಳತೆಯ ಕೊಳವೆಯ ತುಂಡನ್ನು ಮೇಲಿಟ್ಟು, ಸುತ್ತಲೂ ಸಮವಾಗಿ ಮೆಲ್ಲಗೆ ಬಡಿದು ಕೂರಿಸಿದೆವು. ವಾರೆಯಾಗಿ ಕುಳಿತ ಸೀಲು ಹೊಸದಾದರೂ ಸೋರುವುದು. ಗುಂಡಿನ ಮೇಲಣ ತುಕ್ಕನ್ನು ನುಣ್ಣನೆಯ ಎಮರಿ ಕಾಗದದಿಂದ ತಿಕ್ಕಿ ತೆಗೆದು, ಎಣ್ಣೆ ಕುಡಿದ ಬ್ರೇಕಿನ ಷೂಗಳನ್ನೂ ಬದಲಿಸಿದೆವು.

ಆದರೆ ಸೀಲನ್ನು ಬದಲಿಸಿದ ಮಾತ್ರಕ್ಕೆ ರೋಗವು ವಾಸಿಯಾಗದು. ಆ್ಯಕ್ಸಲು ಉಸಿರಾಡಲೆಂದು ಅದರ ಮೇಲ್ಗಡೆಯಲ್ಲಿ ಒಂದು ಕಿರುರಂಧ್ರವುಂಟು. ಎರೆಮಣ್ಣು ಅದನ್ನು ಮುಚ್ಚಿಬಿಟ್ಟಿತ್ತು. ಓಡುವಾಗ ಒಳಗಿನ ಗಾಳಿಯು ಕಾದು ಹಿಗ್ಗಿ, ಬೇರೆ ದಾರಿ ಕಾಣದೆ ಎಣ್ಣೆಯನ್ನು ಸೀಲಿನ ಸಂದಿನಿಂದ ಹೊರಕ್ಕೆ ನೂಕುವುದು. ಕಾದ ಆ್ಯಕ್ಸಲು ಹಳ್ಳಕ್ಕೆ ಇಳಿದೊಡನೆ ಅದೇ ಗಾಳಿಯು ಕುಗ್ಗಿ, ಅದೇ ಸಂದಿನಿಂದ ನೀರನ್ನು ಒಳಕ್ಕೆ ಸೆಳೆಯುವುದು. ಈ ರಂಧ್ರವನ್ನು ಬಿಡಿಸದೆ ಎಷ್ಟು ಸೀಲುಗಳನ್ನು ಹಾಕಿದರೂ ಫಲವಿಲ್ಲ. ಅದನ್ನು ತೊಳೆದು ಬಿಡಿಸಿದ ಮೇಲೆಯೇ ನಾವು ಹೊಸ 90ನೆಯ ನಂಬರಿನ ಗೇರ್ ಎಣ್ಣೆಯನ್ನು ತುಂಬಿದೆವು.

ಆ ಚಳಿಗಾಲದ ಒಂದು ರಾತ್ರಿ ತಾಯಿಯವರಿಗೆ ಉಬ್ಬಸವೆದ್ದಿತು. ಅವರನ್ನು ಹಿರಿಯೂರಿಗೆ ಒಯ್ಯುವಾಗ ಬಂಡಿಯನ್ನು ನಡೆಸಿದವಳು ನಾನು. ಇಳಿಜಾರಿನಲ್ಲಿ ಬ್ರೇಕು ಒತ್ತಲು, ಅದು ಅತ್ತಿತ್ತ ಸರಿಯದೆ ನೆಟ್ಟಗೆ ನಿಂತಿತು. ಮನೆಯಲ್ಲಿ ಇಂಥ ಬಂಡಿಯುಳ್ಳ ಸೋದರಿಯರು ಮಳೆಗಾಲ ಮುಗಿದೊಡನೆ ಚಕ್ರದ ಒಳಮೈಯನ್ನೂ ಆ ಕಿರುರಂಧ್ರವನ್ನೂ ತಪ್ಪದೆ ನೋಡಬೇಕೆಂದು ಬೇಡುವೆನು.